ಲೆಕ್ಕದ ಪುಸ್ತಕದಲ್ಲಿ ಸಿಕ್ಕ ಬಾಣಂತಿ: ಮನೆಯ ಹಳೆಯ ಕಾಗದಗಳಲ್ಲಿ ಅಮ್ಮಂದಿರನ್ನು ಹುಡುಕುವ ಬಗೆ

ಒಣಶುಂಠಿ, ಓಮ, ಹಿಪ್ಪಲಿ, ಬಜೆ, ಬೆಲ್ಲ, ಎಳ್ಳೆಣ್ಣೆ, ತೊಟ್ಟಿಲಿಗೆ ಹಗ್ಗ.

ಶಿರಸಿ ಹತ್ತಿರದ ಅಮ್ಮಮ್ಮನ ಮನೆಯ ಅಟ್ಟದಲ್ಲಿ ಒಂದು ತಗಡಿನ ಟ್ರಂಕು ಇತ್ತು. ಅದರೊಳಗಿನ ಲೆಕ್ಕದ ಪುಸ್ತಕದ ಒಂದು ಪುಟದಲ್ಲಿ ಈ ಸಾಮಾನುಗಳ ಹೆಸರಿವೆ. ಪುಟದ ತಲೆಯಲ್ಲಿ ‘ವಿರೋಧಿ ಸಂವತ್ಸರ, ಶ್ರಾವಣ’ ಎಂದಿದೆ. ಅಕ್ಷರ ಅಜ್ಜನದು. ಹಿಂದಿನ ಪುಟದಲ್ಲಿ ಆಳುಗಳ ಕೂಲಿ ಇದೆ. ಮುಂದಿನ ಪುಟದಲ್ಲಿ ಅಡಿಕೆಯ ಕೊಳೆರೋಗಕ್ಕೆ ತಂದ ಮೈಲುತುತ್ತದ ಖರ್ಚು ಇದೆ. ಹೆರಿಗೆ ಎಂಬ ಮಾತು ಎಲ್ಲೂ ಇಲ್ಲ. ಯಾವ ಹೆಂಗಸಿನ ಹೆಸರೂ ಇಲ್ಲ.

ಆ ಪುಟವನ್ನು ಆಯಿಗೆ, ಅಂದರೆ ನನ್ನ ಅಮ್ಮನಿಗೆ, ತೋರಿಸಿದೆ. ಕನ್ನಡಕ ಹಾಕಿಕೊಂಡು ಓದಿದಳು. “ಇದು ಬಾಣಂತಿ ಸಾಮಾನು” ಅಂದಳು. ಆಮೇಲೆ ಬೆರಳು ಮಡಚಿ ಅಣ್ಣ, ಅಕ್ಕಂದಿರ ವಯಸ್ಸು ಲೆಕ್ಕ ಹಾಕಿದಳು. “ಆದ್ರೆ ಆ ವರ್ಷ ನಮ್ಮನೇಲಿ ಯಾರೂ ಹುಟ್ಟಿದ್ದಿಲ್ಲೆ.”

ಆ ಪುಟವೇ ನನ್ನನ್ನು ಈ ಕೆಲಸಕ್ಕೆ ಹಚ್ಚಿತು. ಮನೆಯ ಹಳೆಯ ಕಾಗದಗಳಲ್ಲಿ ತಾಯಂದಿರು ಇದ್ದೇ ಇರುತ್ತಾರೆ. ಆದರೆ ನಾವು ಹುಡುಕುವ ಜಾಗದಲ್ಲಿ ಇರುವುದಿಲ್ಲ. ಅವರು ಎಲ್ಲೆಲ್ಲಿ ಸಿಗುತ್ತಾರೆ, ಸಿಕ್ಕಾಗ ಹೇಗೆ ಓದಬೇಕು ಎಂಬುದನ್ನು ನನಗೆ ತಿಳಿದಷ್ಟು ಇಲ್ಲಿ ಹೇಳುತ್ತೇನೆ.

ಮನೆಯಲ್ಲಿ ಉಳಿದ ಪತ್ರ, ಫೋಟೋ, ಜಾತಕ, ಲೆಕ್ಕದ ಪುಸ್ತಕ, ಮದುವೆ ಕಾಗದ, ರೇಷನ್ ಕಾರ್ಡು ಇವೆಲ್ಲ ಸೇರಿ ಒಂದು ಖಾಸಗಿ ಪತ್ರಾಗಾರ. ಸರ್ಕಾರದ ಪತ್ರಾಗಾರ ಬೇರೆ. ಅಲ್ಲಿ ಭೂಮಿ, ಕಂದಾಯ, ಕೋರ್ಟಿನ ಕಡತಗಳೇ ಜಾಸ್ತಿ. ನಮ್ಮ ಉತ್ತರ ಕನ್ನಡ ಜಿಲ್ಲೆ, ಆಗಿನ ಕೆನರಾ, 1862ರಿಂದ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಹಾಗಾಗಿ ಇಲ್ಲಿನ ಹಳೆಯ ಕಡತ ಹುಡುಕುವವರು ಮುಂಬೈಯ ಪತ್ರಾಗಾರಕ್ಕೂ ಹೋಗಬೇಕಾಗುತ್ತದೆ. 1883ರಲ್ಲಿ ಮುಂಬಯಿ ಸರ್ಕಾರ ತಂದ ಕೆನರಾ ಗೆಝೆಟಿಯರ್‌ನಲ್ಲಿ ಇಲ್ಲಿನ ಜಾತಿಗಳ ಹುಟ್ಟು, ಮದುವೆ, ಸಾವಿನ ಆಚರಣೆಗಳ ವಿವರ ಇದೆ. ಅದು ಅಧಿಕಾರಿಗಳು ಹೊರಗೆ ನಿಂತು ನೋಡಿ ಬರೆದದ್ದು. ಹೆರಿಗೆಯ ಕೋಣೆಯ ಒಳಗೆ ಇದ್ದವಳಿಗೆ ಏನನ್ನಿಸಿತು ಎಂಬುದು ಅದರಲ್ಲಿ ಸಿಗುವುದಿಲ್ಲ.

ಅವಳೇ ಬರೆದಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು, ಅಲ್ವಾ? ಆದರೆ 1951ರ ಜನಗಣತಿಯಲ್ಲಿ ದೇಶದ ಹೆಂಗಸರಲ್ಲಿ ಓದು ಬರಹ ಬಲ್ಲವರು ಶೇಕಡಾ 8.86 ಮಾತ್ರ. ನಮ್ಮ ಅಮ್ಮಮ್ಮನಿಗೆ ಓದಲು ಬರುತ್ತಿತ್ತು. ಬರೆಯುವುದು ಹೆಸರಿನಷ್ಟಕ್ಕೇ ನಿಂತಿತ್ತು. ತವರಿಗೆ ಪತ್ರ ಬೇಕಾದಾಗ ಅವಳು ಹೇಳುತ್ತಿದ್ದಳು, ಅಜ್ಜನೋ ಶಾಲೆಗೆ ಹೋಗುವ ಮಗನೋ ಬರೆಯುತ್ತಿದ್ದರು. ಗಂಡನ ಕೈಯಲ್ಲಿ ಬರೆಸುವಾಗ ಅತ್ತೆಯ ಬಗ್ಗೆ ಏನು ಹೇಳಿಯಾಳು? ಮಗನ ಕೈಯಲ್ಲಿ ಬರೆಸುವಾಗ ಮೈಯ ನೋವು ಹೇಗೆ ಹೇಳಿಯಾಳು? ಹೆಂಗಸರ ಹೆಸರಿನಲ್ಲಿರುವ ಹಳೆಯ ಪತ್ರ ಓದುವಾಗ ನಾನು ಮೊದಲು ನೋಡುವುದು ಅಕ್ಷರ ಯಾರದು ಎಂದು.

ಇನ್ನು ಲೆಕ್ಕದ ಪುಸ್ತಕ. ನನ್ನ ಮಟ್ಟಿಗೆ ಮನೆಯ ಕಾಗದಗಳಲ್ಲೆಲ್ಲ ಇದೇ ದೊಡ್ಡ ನಿಧಿ. ನಮ್ಮ ಕಡೆ ಅಡಿಕೆ ಇದ್ದ ಮನೆಗಳಲ್ಲಿ ಲೆಕ್ಕ ಬರೆಯುವುದು ರೂಢಿ. ಶಿರಸಿಯಲ್ಲಿ ತೋಟಗಾರ್ಸ್ ಸೇಲ್ ಸೊಸೈಟಿ ಶುರುವಾದದ್ದು 1923ರಲ್ಲಿ. ಆಮೇಲೆ ಎಷ್ಟೋ ಮನೆಗಳಲ್ಲಿ ಸೊಸೈಟಿಯ ಚೀಟಿಗಳೂ ಲೆಕ್ಕದ ಜೊತೆಗೇ ಉಳಿದವು. ಗಂಡಸರು ಬರೆದದ್ದು ಹಣದ ಲೆಕ್ಕ. ಅವರಿಗೆ ಗೊತ್ತಿಲ್ಲದೆಯೇ ಹೆಂಗಸರ ಮೈಯ ಲೆಕ್ಕವೂ ಅದರಲ್ಲಿ ಸೇರಿಹೋಗಿದೆ.

ಓಮ, ಹಿಪ್ಪಲಿ, ಬೆಲ್ಲ ಒಟ್ಟಿಗೆ ಬಂದರೆ ಬಾಣಂತಿ ಲೇಹ್ಯ ಕಾಯಿಸಿದ್ದಾರೆ. ಎಣ್ಣೆ ತಿಂಗಳಿಗೆ ಎರಡು ಪಟ್ಟು ಏರಿದರೆ ದಿನಾ ಎಣ್ಣೆ ಹಚ್ಚಿ ಬಿಸಿನೀರು ಹೊಯ್ಯುವ ಕೆಲಸ ನಡೆದಿದೆ. ಅದು ಎಷ್ಟು ವಾರ ನಡೆಯಿತು ಎಂಬುದರ ಮೇಲೆ ಬಾಣಂತಿಗೆ ಎಷ್ಟು ದಿನ ವಿಶ್ರಾಂತಿ ಸಿಕ್ಕಿತು ಎಂದು ಅಂದಾಜಿಸಬಹುದು. ಅಮ್ಮಮ್ಮನ ಲೆಕ್ಕದಲ್ಲಿ ಅಡಿಕೆ ಕೊನೆಕೊಯ್ಲಿನ ದಿನಗಳಲ್ಲಿ ಆದ ಒಂದು ಹೆರಿಗೆಗೆ ಈ ಎಣ್ಣೆ ಬೇಗ ನಿಂತಿದೆ. ಅಡಿಕೆ ಸುಲಿಯಲು ಕೈ ಬೇಕಿತ್ತು. ಇನ್ನೊಂದು ಕಡೆ ‘ಸೀರೆ 1, ಅಕ್ಕಿ, ಕಾಯಿ’ ಎಂದು ಬರೆದು, ಮುಂದೆ ಕೇರಿಯ ಒಬ್ಬ ಮುದುಕಿಯ ಹೆಸರಿದೆ. ಅವಳು ಸೂಲಗಿತ್ತಿ. ಆ ಮನೆಯ ಮಕ್ಕಳನ್ನೆಲ್ಲ ಮೊದಲು ಕೈಗೆತ್ತಿಕೊಂಡವಳ ಹೆಸರು ಉಳಿದಿರುವುದು ಆ ಒಂದು ಸಾಲಿನಲ್ಲಿ ಮಾತ್ರ.

ಒಂದು ಮುಖ್ಯ ವಿಷಯ. ಮೊದಲ ಹೆರಿಗೆ ತವರಿನಲ್ಲಿ ಆಗುವುದು ನಮ್ಮಲ್ಲಿ ವಾಡಿಕೆ. ಹಾಗಾಗಿ ಚೊಚ್ಚಲ ಮಗುವಿನ ಖರ್ಚು ಗಂಡನ ಮನೆಯ ಪುಸ್ತಕದಲ್ಲಿ ಸಿಗುವುದಿಲ್ಲ, ತಾಯಿಯ ತವರಿನ ಪುಸ್ತಕದಲ್ಲಿ ಇರುತ್ತದೆ. ಅಪ್ಪನ ಕಡೆಯ ಕಾಗದ ಮಾತ್ರ ನೋಡಿದವರಿಗೆ ಅರ್ಧ ಕಥೆ ತಪ್ಪಿಹೋಗುತ್ತದೆ. ಒಬ್ಬ ತಾಯಿಯನ್ನು ಹುಡುಕಬೇಕೆಂದರೆ ಎರಡು ಮನೆಯ ಅಟ್ಟ ಹತ್ತಬೇಕು.

ಇಷ್ಟು ಸಣ್ಣ ವಿವರದಿಂದ ಇತಿಹಾಸ ಹುಟ್ಟುತ್ತದೆಯೇ ಎಂದು ಕೇಳುವವರಿದ್ದಾರೆ. ಅಮೆರಿಕದ ಮೇಯ್ನ್ ಎಂಬಲ್ಲಿ ಮಾರ್ಥಾ ಬಲ್ಲಾರ್ಡ್ ಎಂಬ ಸೂಲಗಿತ್ತಿ ಇದ್ದಳು. 1785ರಿಂದ 1812ರವರೆಗೆ ಅವಳು ದಿನಚರಿ ಬರೆದಳು. ಹವೆ ಹೇಗಿತ್ತು, ಹೊಳೆ ದಾಟಿದ್ದು ಹೇಗೆ, ಯಾರ ಮನೆಯಲ್ಲಿ ಹೆರಿಗೆ, ಕೊಟ್ಟದ್ದು ಎಷ್ಟು, ಇಷ್ಟೇ. ಅವಳು ನೋಡಿಕೊಂಡ ಹೆರಿಗೆಗಳು 800ಕ್ಕೂ ಹೆಚ್ಚು. ಬಹಳ ಕಾಲ ಅದನ್ನು ಬರೀ ಮನೆವಾರ್ತೆ ಎಂದು ಬದಿಗಿಟ್ಟಿದ್ದರು. ಕೊನೆಗೆ ಒಬ್ಬರು ಕೂತು ಆ ಸಾಲುಗಳನ್ನು ಒಂದಕ್ಕೊಂದು ಜೋಡಿಸಿದರು. ಆಗ ಆ ಊರಿನ ಹೆಂಗಸರ ದುಡಿಮೆ, ಸಾಲ, ಮದುವೆ, ಜಗಳ ಎಲ್ಲ ಎದ್ದು ಕಂಡವು. ನಮ್ಮ ಊರುಗಳಲ್ಲಿ ಹೊಳೆ ದಾಟಿ ಹೋದ ಸೂಲಗಿತ್ತಿಯರಿಗೆ ಬರೆಯಲು ಬರುತ್ತಿರಲಿಲ್ಲ. ಆದರೆ ಅವರಿಗೆ ಕೊಟ್ಟ ಸೀರೆಯ ಲೆಕ್ಕ ನಮ್ಮ ಅಟ್ಟಗಳಲ್ಲಿದೆ.

ಪತ್ರಗಳಿಗೆ ಬರೋಣ. ಭಾರತದಲ್ಲಿ ಪೋಸ್ಟ್ ಕಾರ್ಡ್ ಶುರುವಾದದ್ದು 1879ರ ಜುಲೈ 1ರಂದು, ಕಾಲು ಆಣೆಗೆ. ಅಗ್ಗ. ಆದರೆ ಕಾರ್ಡನ್ನು ಅಂಚೆಯವನೂ ಓದಬಹುದು, ಜಗಲಿಯಲ್ಲಿ ಕೂತವರೂ ಓದಬಹುದು. ಮಡಚಿ ಅಂಟಿಸುವ ಇನ್‌ಲ್ಯಾಂಡ್ ಪತ್ರ ಬಂದದ್ದು 1950ರಲ್ಲಿ. ಅದರ ಒಳಗೂ ಹೆಂಗಸರ ವಿಷಯ ಮುಚ್ಚಿಯೇ ಬರುತ್ತಿತ್ತು. ‘ಉಭಯ ಕುಶಲೋಪರಿ’ ಆದಮೇಲೆ, ಮಳೆ ಬೆಳೆ ಎಲ್ಲ ಮುಗಿದಮೇಲೆ, ಕೊನೆಯಲ್ಲಿ ‘ಅವಳಿಗೆ ವಿಶೇಷ ಇದೆ’ ಎಂದು ಒಂದೇ ಸಾಲು. ಬಸುರಿ ಎಂಬ ಮಾತಿಲ್ಲ. ‘ದಿನ ತುಂಬುತ್ತಿದೆ, ಯಾರನ್ನಾದರೂ ಕಳಿಸಿ’ ಎಂದರೆ ಬಾಣಂತನಕ್ಕೆ ಜನ ಬೇಕು. ಕೆಲವು ಸಲ ಅದೂ ಇಲ್ಲ. ‘ಈ ಸಲ ಹಬ್ಬಕ್ಕೆ ಬರಲು ಆಗುವುದಿಲ್ಲ’ ಎಂದಿರುತ್ತದೆ, ಕಾರಣ ಬರೆದಿರುವುದಿಲ್ಲ. ಓದುವವರಿಗೆ ಗೊತ್ತಿತ್ತು. ನಮಗೆ ಗೊತ್ತಾಗಬೇಕಾದರೆ ಮುಂದಿನ ಆರು ತಿಂಗಳ ಪತ್ರಗಳನ್ನೂ ಓದಬೇಕು.

ಊರ ಮಾತು ಬಾರದವರು ಇಲ್ಲಿ ಎಡವುತ್ತಾರೆ. ‘ಕೂಸು ಹುಟ್ಟಿತು’ ಎಂದರೆ ಬೇರೆ ಕಡೆಯವರಿಗೆ ಮಗು ಹುಟ್ಟಿತು ಎಂದು ಅರ್ಥ. ಹವ್ಯಕರ ಮನೆಯಲ್ಲಿ ಕೂಸು ಎಂದರೆ ಹೆಣ್ಣು, ಗಂಡಾದರೆ ಮಾಣಿ. ಆ ಒಂದು ಪದದಲ್ಲಿ ಪೂರ್ತಿ ಸುದ್ದಿ ಇದೆ. ಪತ್ರದ ತಲೆಯ ಅಕ್ಷರಗಳೂ ಹೀಗೇ. ‘ಕು.’ ಇದ್ದವಳು ‘ಚಿ. ಸೌ.’ ಆದ ವರ್ಷ ಮದುವೆ ಆಗಿದೆ. ‘ಸೌ.’ ಇದ್ದವಳು ಮುಂದಿನ ಪತ್ರದಲ್ಲಿ ‘ಗಂ. ಭಾ.’ ಆಗಿದ್ದರೆ, ಅಂದರೆ ಗಂಗಾ ಭಾಗೀರಥಿ ಆಗಿದ್ದರೆ, ನಡುವೆ ಗಂಡ ತೀರಿಕೊಂಡಿದ್ದಾನೆ. ಮೊದಲ ಸಲ ಅಂಥ ಎರಡು ಕಾಗದ ಅಕ್ಕಪಕ್ಕ ಇಟ್ಟು ನೋಡಿದಾಗ ನನಗೆ ಮಾತೇ ಹೊರಡಲಿಲ್ಲ. ಎರಡು ಅಕ್ಷರ ಬದಲಾಗಿತ್ತು, ಅಷ್ಟೇ.

ಕಾರವಾರ, ಕುಮಟೆ ಕಡೆಯ ಕೊಂಕಣಿ ಮನೆಗಳಲ್ಲಿ ಇನ್ನೊಂದು ತೊಡಕು ಬರುತ್ತದೆ. ಮನೆಯಲ್ಲಿ ಆಡುವುದು ಕೊಂಕಣಿ, ಪತ್ರ ಮರಾಠಿಯಲ್ಲೋ ಕನ್ನಡದಲ್ಲೋ ಇರುತ್ತದೆ. ಮದುವೆಯ ದಿನ ಹರಿವಾಣದ ಅಕ್ಕಿಯ ಮೇಲೆ ಹೊಸ ಹೆಸರು ಬರೆದು ಮದುಮಗಳಿಗೆ ಅದನ್ನೇ ಇಡುವ ಪದ್ಧತಿಯೂ ಇತ್ತು. ಜಾತಕದಲ್ಲಿ ಒಂದು ಹೆಸರು, ಗಂಡನ ಮನೆಯ ಕಾಗದದಲ್ಲಿ ಇನ್ನೊಂದು. ತವರಿನವರು ಹಳೆಯ ಹೆಸರಿನಲ್ಲೇ ಪತ್ರ ಬರೆಯುತ್ತಾರೆ. ಓದುವವರು ಇಬ್ಬರು ಹೆಂಗಸರು ಎಂದುಕೊಳ್ಳುತ್ತಾರೆ. ಮನೆಯ ಹಿರಿಯರ ಹತ್ತಿರ ಮೊದಲು ಕೇಳಬೇಕಾದ ಪ್ರಶ್ನೆ ಇದು: ಮದುವೆಗೆ ಮುಂಚೆ ಅವಳ ಹೆಸರು ಏನಿತ್ತು?

ತಾರೀಖು ಇಲ್ಲದ ಪತ್ರಗಳು ರಾಶಿ ಇರುತ್ತವೆ. ಅವನ್ನು ಕಾಲಕ್ಕೆ ಕಟ್ಟುವುದು ಕಷ್ಟವಲ್ಲ. ಅಂಚೆ ಮುದ್ರೆ ಅಳಿಸಿಹೋಗಿದ್ದರೆ ವಿಳಾಸ ನೋಡಿ. ವಿಳಾಸದಲ್ಲಿ ಪಿನ್ ಕೋಡ್ ಇದ್ದರೆ, ಉದಾಹರಣೆಗೆ ಶಿರಸಿಗೆ 581401, ಅದು 1972ರ ಆಗಸ್ಟ್ 15ರ ನಂತರದ್ದು. ಮೈಸೂರು ರಾಜ್ಯ ಎಂದಿದ್ದರೆ 1956ರ ನವೆಂಬರ್‌ನಿಂದ 1973ರ ನವೆಂಬರ್‌ವರೆಗಿನದು ಇರಬೇಕು. ಅದಕ್ಕೂ ಮೊದಲು ನಮ್ಮದು ಮುಂಬಯಿ. ಹಣದ ಮಾತು ಬಂದಲ್ಲಿ ‘ನಯಾ ಪೈಸೆ’ ಎಂದಿದ್ದರೆ 1957ರಿಂದ 1964ರ ಒಳಗೆ. ‘ಆಣೆ’ ಎಂದಿದ್ದರೆ ಮಾತ್ರ ಅವಸರ ಬೇಡ. ಆಣೆ ಹೋದದ್ದು 1957ರ ಏಪ್ರಿಲ್‌ನಲ್ಲಿ, ಆದರೆ ನಾಲ್ಕಾಣೆ, ಎಂಟಾಣೆ ಎನ್ನುವುದನ್ನು ಜನ ಬಿಡಲೇ ಇಲ್ಲ.

ಸಂವತ್ಸರದ ಹೆಸರು ಇದ್ದರೆ ಇನ್ನೂ ಒಳ್ಳೆಯದು. 60 ಹೆಸರುಗಳು ಸುತ್ತಿ ಸುತ್ತಿ ಬರುತ್ತವೆ. ಪ್ಲವ ಎಂದರೆ 2021–22, ಅದರ ಹಿಂದೆ 1961–62, ಅದಕ್ಕೂ ಹಿಂದೆ 1901–02. ಯಾವುದು ಎಂಬುದನ್ನು ಕಾಗದ, ಮಸಿ, ಬರೆದವರ ವಯಸ್ಸು ಹೇಳುತ್ತವೆ. ಅಜ್ಜನ ಪುಟದ ವಿರೋಧಿ ಸಂವತ್ಸರ 1949–50. ಶ್ರಾವಣ ಅಂದರೆ 1949ರ ಮಳೆಗಾಲ.

ಶಾಲೆಯ ದಾಖಲೆಯ ಹುಟ್ಟಿದ ದಿನ ನಂಬುವಾಗ ಮಾತ್ರ ಎಚ್ಚರ ಬೇಕು. ಹಳೆಯ ತಲೆಮಾರಿನಲ್ಲಿ ಎಷ್ಟೋ ಜನ ಜೂನ್ 1ರಂದು ಹುಟ್ಟಿದ್ದಾರೆ! ಶಾಲೆಗೆ ಸೇರಿಸುವ ದಿನ ವಯಸ್ಸು ಹೊಂದಲಿ ಎಂದು ಮಾಸ್ತರರು ಬರೆದುಕೊಂಡದ್ದು. ಹುಟ್ಟು ಸಾವನ್ನು ನೋಂದಾಯಿಸಲೇಬೇಕು ಎಂಬ ಕಾಯ್ದೆ ದೇಶಕ್ಕೆಲ್ಲ ಬಂದದ್ದು 1969ರಲ್ಲಿ. ಅದಕ್ಕೆ ಮೊದಲು ಮನೆಯಲ್ಲಿ ಹುಟ್ಟಿದವರಿಗೆ ಜಾತಕವೇ ಗಟ್ಟಿ ಆಧಾರ. ಜಾತಕ ಬರೆಸುವಷ್ಟು ದಿನ ಬದುಕಿದ್ದರೆ.

ಈ ಮಾತು ಬರೆಯುವಾಗ ಕೈ ತಡೆಯುತ್ತದೆ. ಆದರೆ ಇದನ್ನು ಬಿಟ್ಟರೆ ಆ ಕಾಲದ ತಾಯ್ತನ ಅರ್ಥವಾಗುವುದಿಲ್ಲ. 1971ರಲ್ಲೂ ನಮ್ಮ ದೇಶದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 129 ಮಕ್ಕಳು ವರ್ಷ ತುಂಬುವುದರೊಳಗೆ ತೀರಿಕೊಳ್ಳುತ್ತಿದ್ದವು. 2020ರ ಹೊತ್ತಿಗೆ ಅದು 28ಕ್ಕೆ ಇಳಿದಿತ್ತು. ನಮ್ಮ ಘಟ್ಟದ ಮೇಲೆ ಮಲೇರಿಯಾ ಬೇರೆ ಇತ್ತು. ಪತ್ರಗಳಲ್ಲಿ ‘ಚಳಿಜ್ವರ’ ಎಂದು ಬರುವುದು ಹೆಚ್ಚಾಗಿ ಅದೇ. ಕೆನರಾ ಮತ್ತು ಧಾರವಾಡ ಜಿಲ್ಲೆಗಳಲ್ಲಿ ಮನೆಯೊಳಗೆ ಡಿಡಿಟಿ ಹೊಡೆಯಲು ಶುರುಮಾಡಿದ್ದು 1946ರಲ್ಲಿ. ಮನೆಯ ಪತ್ರಗಳನ್ನು ಸಾಲಾಗಿ ಇಟ್ಟು ಓದಿದರೆ ಆ ಪದ ಮೆಲ್ಲಗೆ ಕಡಿಮೆಯಾಗುವುದು ಕಾಣುತ್ತದೆ. ‘ಒಟ್ಟು ಎಷ್ಟು ಮಕ್ಕಳು?’ ಎಂದು ಅಜ್ಜಿಯಂದಿರನ್ನು ಕೇಳಿದರೆ ‘ಉಳಿದದ್ದು ಆರು’ ಎನ್ನುತ್ತಿದ್ದರಲ್ಲ, ಆ ‘ಉಳಿದದ್ದು’ ಎಂಬುದನ್ನು ನಾವು ಸರಿಯಾಗಿ ಕೇಳಿಸಿಕೊಂಡಿಲ್ಲ. ವಂಶವೃಕ್ಷ ಬರೆಯುವಾಗ ಆರು ಕೊಂಬೆ ಬಿಡಿಸಿ ಮುಗಿಸುತ್ತೇವೆ.

ಕಾಯ್ದೆಗಳ ನೆರಳೂ ಈ ಕಾಗದಗಳ ಮೇಲಿದೆ. ಹೆಣ್ಣಿಗೆ 14 ತುಂಬದೆ ಮದುವೆ ಮಾಡಬಾರದು ಎಂಬ ಶಾರದಾ ಕಾಯ್ದೆ ಜಾರಿಯಾದದ್ದು 1930ರ ಏಪ್ರಿಲ್ 1ರಂದು. ಅದಕ್ಕೆ ಮೊದಲಿನ ತಿಂಗಳುಗಳಲ್ಲಿ ದೇಶದ ಎಷ್ಟೋ ಕಡೆ ಅವಸರದಲ್ಲಿ ಚಿಕ್ಕ ಹುಡುಗಿಯರ ಮದುವೆ ಮುಗಿಸಿದರು. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಆ ಚಳಿಗಾಲದ ಮದುವೆ ಕಾಗದ ಇದ್ದರೆ, ಮದುಮಗಳ ವಯಸ್ಸು ಲೆಕ್ಕ ಹಾಕಿ ನೋಡಿ. ಕಾಯ್ದೆ ಹೇಳುವ ವಯಸ್ಸು 1949ರಲ್ಲಿ 15 ಆಯಿತು, 1978ರಲ್ಲಿ 18. ಒಂದೇ ಮನೆಯ ಅಜ್ಜಿ, ಮಗಳು, ಮೊಮ್ಮಗಳು ಮೊದಲ ಮಗು ಹೆತ್ತ ವಯಸ್ಸನ್ನು ಪಕ್ಕಪಕ್ಕ ಬರೆದರೆ ಈ ಮೂರು ಕಾಯ್ದೆಗಳು ಕಣ್ಣಿಗೆ ಕಾಣುತ್ತವೆ. ರೇಷನ್ ಕಾರ್ಡಿನ ಹೆಸರುಗಳು ಎಂಟರಿಂದ ನಾಲ್ಕಕ್ಕೆ ಇಳಿದದ್ದೂ ಹೀಗೇ. ‘ಆರತಿಗೊಬ್ಬಳು, ಕೀರ್ತಿಗೊಬ್ಬ’ ಎಂದು ಗೋಡೆಯ ಮೇಲೆ ಬರೆದದ್ದು ಮನೆಯೊಳಗೂ ಬಂತು.

ಫೋಟೋಗಳ ಬಗ್ಗೆ ಒಂದೇ ಮಾತು. ಹಿಂದೆ ಹೆಸರು ಬರೆಯದ ಫೋಟೋ ಮುಂದಿನ ತಲೆಮಾರಿಗೆ ಯಾರದೋ ಮುಖ. ಇವತ್ತೇ ಬರೆಯಿರಿ, ಮೆತ್ತನೆಯ ಪೆನ್ಸಿಲ್‌ನಲ್ಲಿ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಟ್ರಂಕು, ತೋಟ, ಅಕ್ಷರ ಇದ್ದವರ ಮನೆಯ ಮಾತು. ಉತ್ತರ ಕನ್ನಡ ಅಂದರೆ ಅಷ್ಟೇ ಅಲ್ಲವಲ್ಲ. ಹಾಲಕ್ಕಿ ಒಕ್ಕಲಿಗರು, ಸಿದ್ದಿಗಳು, ಗೌಳಿಗಳು, ಖಾರ್ವಿಗಳು ಇದ್ದಾರೆ. ಅವರ ಅಜ್ಜಿಯಂದಿರು ಎಲ್ಲಿ ಉಳಿದಿದ್ದಾರೆ? ಅಂಕೋಲೆಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರನ್ನು ನೆನೆಯಿರಿ. ಹಾಡು ಅವರಿಗೆ ತಾಯಿಯಿಂದ ಬಂತು. 2017ರಲ್ಲಿ ಪದ್ಮಶ್ರೀ ಬಂತು, 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ತಾಯಿಯ ಬಾಯಿಂದ ಮಗಳ ಬಾಯಿಗೆ ದಾಟುವ ಹಾಡೂ ಒಂದು ಮನೆಯ ದಾಖಲೆಯೇ. ಅದನ್ನು ಬೀರುವಿನಲ್ಲಿ ಇಡಲು ಆಗುವುದಿಲ್ಲ, ಹಾಡುವವರು ಇರಬೇಕು. ಕಾರವಾರ ಆಕಾಶವಾಣಿ ಅವರ ಹಾಡುಗಳನ್ನು ಧ್ವನಿಮುದ್ರಣ ಮಾಡಿಟ್ಟಿದೆ ಎಂಬುದೇ ಒಂದು ಸಮಾಧಾನ.

ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಂಗಸರ ಕೌದಿಗಳನ್ನು ನೋಡಿದ್ದೀರಾ? ಹಳೆಯ ಸೀರೆ, ಅಂಗಿ, ಮಕ್ಕಳ ಲಂಗದ ತುಂಡುಗಳನ್ನು ಅಂಚಿನಿಂದ ನಡುವಿನ ಕಡೆಗೆ ಸುತ್ತುತ್ತಾ ಹೊಲಿಯುತ್ತಾರೆ. ನಾಲ್ಕು ಮೂಲೆಗೆ ಬಟ್ಟೆ ಮಡಚಿ ಹೂವು ಇಡುತ್ತಾರೆ. ತೊಟ್ಟಿಲ ಮಗುವಿಗೆ ಚಿಕ್ಕ ಕೌದಿ ಹೊಲಿಯುತ್ತಾರೆ. ಯಾವ ತುಂಡು ಯಾರ ಸೀರೆಯದು ಎಂದು ಹೊಲಿದವಳು ಹೇಳಬಲ್ಲಳು. ಅವಳ ಪಕ್ಕ ಕೂತು ಒಂದೊಂದು ತುಂಡಿನ ಮೇಲೂ ಬೆರಳಿಟ್ಟು ಕೇಳಿದರೆ, ಫೋನಿನಲ್ಲಿ ಅವಳ ದನಿ ಹಿಡಿದಿಟ್ಟರೆ, ಅದು ನಮ್ಮ ಅಜ್ಜನ ಲೆಕ್ಕದ ಪುಸ್ತಕಕ್ಕಿಂತ ದೊಡ್ಡ ದಾಖಲೆ. ಅವಳೇ ಹೇಳಿದ್ದು, ಯಾರೂ ಅವಳ ಪರವಾಗಿ ಬರೆದದ್ದಲ್ಲ.

ಕಾಪಾಡುವ ಕಷ್ಟ ನಮ್ಮ ಕಡೆ ಜಾಸ್ತಿ. ಕರಾವಳಿಯ ಉಪ್ಪುಗಾಳಿ, ಘಟ್ಟದ ನಾಲ್ಕು ತಿಂಗಳ ಮಳೆ, ಗೆದ್ದಲು, ಬೆಳ್ಳಿಹುಳ. ಹಿಂದಿನವರು ಅಡುಗೆಮನೆಯ ಹೊಗೆ ತಾಗುವ ಅಟ್ಟದಲ್ಲಿ ಇಡುತ್ತಿದ್ದರು, ನಡುವೆ ಬಜೆಯ ಬೇರು ಹಾಕುತ್ತಿದ್ದರು. ಅಮ್ಮಮ್ಮನ ಟ್ರಂಕಿನಲ್ಲೂ ಒಂದು ತುಂಡು ಬಜೆ ಸಿಕ್ಕಿತು. ಮಗುವಿನ ನಾಲಿಗೆಗೆ ತೇಯುವ ಬಜೆಯೇ ಕಾಗದವನ್ನೂ ಕಾಯುತ್ತಿತ್ತು! ಈಗ ಮಾಡಬೇಕಾದದ್ದು ಸರಳ. ಗುಂಡುಸೂಜಿ, ಸ್ಟೇಪಲ್ ತೆಗೆಯಿರಿ, ಅವು ತುಕ್ಕು ಹಿಡಿಯುತ್ತವೆ. ಸೆಲ್ಲೋಟೇಪ್ ಬೇಡ. ಲ್ಯಾಮಿನೇಶನ್ ಖಂಡಿತ ಬೇಡ. ನಮ್ಮಲ್ಲಿ ಒಂದು ಜಾತಕವನ್ನು ಹಾಗೆ ಮಾಡಿಸಿ ಕಳೆದುಕೊಂಡೆವು, ಬಿಸಿಗೆ ಅಕ್ಷರವೇ ಕದಡಿಹೋಯಿತು. ಬಿಸಿಲಿಗೆ ಹರಡದೆ ನೆರಳಲ್ಲಿ ಗಾಳಿಗೆ ಇಡಿ. ಮಳೆಗಾಲಕ್ಕೆ ಮುಂಚೆ ಒಂದು ಸಲ, ಮುಗಿದ ಮೇಲೆ ಒಂದು ಸಲ ಬಿಚ್ಚಿ ನೋಡಿ. ಫೋನಿನಲ್ಲಿ ಫೋಟೋ ತೆಗೆಯುವಾಗ ಹಿಂಬದಿ, ಲಕೋಟೆ ಎರಡನ್ನೂ ತೆಗೆಯಿರಿ. ಕಟ್ಟು ಬಿಚ್ಚುವ ಮೊದಲು ಯಾವ ಕಾಗದ ಯಾವುದರ ಜೊತೆ ಇತ್ತು ಎಂದು ಬರೆದುಕೊಳ್ಳಿ. ಅಮ್ಮಮ್ಮ ಯಾವ ಪತ್ರವನ್ನು ಯಾವುದರ ಜೊತೆ ಕಟ್ಟಿಟ್ಟಿದ್ದಳು ಎಂಬುದೂ ಅವಳ ಮಾತೇ. ಮನೆಯಲ್ಲಿ ಇಡಲು ಆಗದವರಿಗೆ ಬೇರೆ ದಾರಿಯೂ ಇದೆ. ಮುಂಬೈಯಲ್ಲಿ 1988ರಲ್ಲಿ ಶುರುವಾದ ಸ್ಪ್ಯಾರೋ ಎಂಬ ಸಂಸ್ಥೆ ಹೆಂಗಸರ ಬದುಕಿನ ದನಿ, ಚಿತ್ರ, ಕಾಗದಗಳನ್ನೇ ಕೂಡಿಡುತ್ತಿದೆ.

ಎಲ್ಲವನ್ನೂ ಎಲ್ಲರಿಗೂ ತೋರಿಸಬೇಕೆಂದೇನೂ ಇಲ್ಲ. ಗಂಡ ಬಿಟ್ಟದ್ದು, ಮಗು ನಿಲ್ಲದ್ದು, ದತ್ತು ಕೊಟ್ಟದ್ದು, ಇಂಥವು ಬದುಕಿರುವವರಿಗೂ ತಾಗುತ್ತವೆ. ಹಂಚುವ ಮೊದಲು ಕೇಳಬೇಕು. ಬೇಡ ಎಂದರೆ ಮಡಚಿ ಒಳಗಿಡಬೇಕು. ಸುಡುವುದು ಮಾತ್ರ ಬೇಡ.

ನಮ್ಮ ಕಾಲದ್ದೂ ನಾಳೆಗೆ ಹಳೆಯದೇ. ಆಸ್ಪತ್ರೆಯ ತಾಯಿ ಕಾರ್ಡು, ಸ್ಕ್ಯಾನಿಂಗ್ ಚಿತ್ರ, ಹೆರಿಗೆಯ ರಾತ್ರಿ ಅಕ್ಕತಂಗಿಯರಿಗೆ ಕಳಿಸಿದ ವಾಟ್ಸಾಪ್ ದನಿ. ಸ್ಕ್ಯಾನಿಂಗ್‌ನ ಆ ಹೊಳಪು ಕಾಗದ ಕೆಲವೇ ವರ್ಷಕ್ಕೆ ಮಾಸುತ್ತದೆ, ಇಂದೇ ಫೋಟೋ ತೆಗೆದಿಡಿ.

ಕಳೆದ ಚೌತಿಗೆ ಕುಮಟೆಯಿಂದ ದೊಡ್ಡಮ್ಮ ಬಂದಿದ್ದಳು. ಅವಳಿಗೆ 80 ದಾಟಿದೆ. ವಿರೋಧಿ ಸಂವತ್ಸರದಲ್ಲಿ ಅವಳು ಏಳು ವರ್ಷದವಳು. ಲೆಕ್ಕದ ಪುಸ್ತಕವನ್ನು ಅವಳ ತೊಡೆಯ ಮೇಲಿಟ್ಟು ಆ ಪುಟ ತೆರೆದೆ. ‘ತೊಟ್ಟಿಲಿಗೆ ಹಗ್ಗ’ ಎಂಬಲ್ಲಿ ಅವಳ ಬೆರಳು ನಿಂತಿತು.

“ಕೂಸಾಗಿತ್ತು” ಅಂದಳು. “ಎಂಟು ದಿನ ಇತ್ತು. ಮಳೆ ಬಿಡ್ಲೇ ಇಲ್ಲೆ.”

ಹನ್ನೆರಡನೆಯ ದಿನ ಬರಲಿಲ್ಲವಾದ್ದರಿಂದ ಹೆಸರಿಟ್ಟಿರಲಿಲ್ಲ. ಅಮ್ಮಮ್ಮ ಇದನ್ನು ಆಯಿಗೆ ಒಂದು ದಿನವೂ ಹೇಳಿರಲಿಲ್ಲ. ಆಯಿ ಪುಸ್ತಕ ತೆಗೆದುಕೊಂಡು ಮುಂದಿನ ಪುಟ ತಿರುವಿದಳು. ಭಾದ್ರಪದದಲ್ಲಿ ಎಣ್ಣೆ ಇದೆ, ಬಜೆ ಇಲ್ಲ. ಆಮೇಲೆ ನಾನು ವಂಶದ ಪಟ್ಟಿ ತಂದು, ಮಾವನ ಹೆಸರಿಗೂ ಆಯಿಯ ಹೆಸರಿಗೂ ನಡುವೆ ಜಾಗ ಮಾಡಿ ಪೆನ್ಸಿಲ್‌ನಲ್ಲಿ ಬರೆದೆ: ಕೂಸು, ವಿರೋಧಿ ಸಂವತ್ಸರ, ಶ್ರಾವಣ. ಹೇಳಿದವರು ದೊಡ್ಡಮ್ಮ.